ಮಡಿಕೇರಿಯ ಮಳೆಗೆ ಯಾವ ಹೂಬಳ್ಳಿ? ಮೂರರ ಹೋಲಿಕೆ

ಮಡಿಕೇರಿಯ ಆಸುಪಾಸಿನಲ್ಲಿ ವರ್ಷವಿಡೀ ಹಸಿರಾಗಿದ್ದು ಹೂವನ್ನೂ ಕೊಡುವ ಬಳ್ಳಿಯನ್ನು ಆರಿಸುವವರು, ಹೂವಿನ ಬಣ್ಣಕ್ಕಿಂತ ಮೊದಲು ಅದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯನ್ನು ಹೇಗೆ ತಾಳಿಕೊಳ್ಳುತ್ತದೆ ಎಂಬುದನ್ನು ನೋಡಬೇಕು. ಸುಮಾರು 1,150 ಮೀಟರ್ ಎತ್ತರದ ಈ ಊರಿನಲ್ಲಿ ಕಕ್ಕಡದ (ಜುಲೈ, ಆಗಸ್ಟ್ ನಡುವಿನ ಕೊಡವ ತಿಂಗಳು) ದಿನಗಳಲ್ಲಿ ಬಿಸಿಲು ಕಾಣುವುದೇ ಅಪರೂಪ. ಬೋಗನ್‌ವಿಲ್ಲಾವನ್ನು ನಾನು ಈ ಹೋಲಿಕೆಗೆ ಸೇರಿಸಿಲ್ಲ. ಕುಶಾಲನಗರದ ಕಡೆಯ ಒಣಹವೆಯಲ್ಲಿ ಮೈತುಂಬ ಹೂ ಬಿಡುವ ಆ ಗಿಡ ನಮ್ಮಲ್ಲಿ ಮಳೆಗಾಲವಿಡೀ ಎಲೆ, ಮುಳ್ಳುಗಳನ್ನಷ್ಟೇ ಬೆಳೆಸುತ್ತದೆ. ಹಿತ್ತಿಲಲ್ಲಿ ಬೆಳೆಸಿ ನೋಡಿದ್ದು ತುನ್‌ಬರ್ಜಿಯಾ ಮೈಸೊರೆನ್ಸಿಸ್, ಬೆಳ್ಳುಳ್ಳಿ ಬಳ್ಳಿ ಮತ್ತು ಕಿತ್ತಳೆ ಬಣ್ಣದ ಪೈರೊಸ್ಟೀಜಿಯಾ ಎಂಬ ಮೂರನ್ನು.

ಮೊದಲನೆಯದು ಪಶ್ಚಿಮ ಘಟ್ಟದ ಕಾಡಿನದೇ ಆದ್ದರಿಂದ ಮಳೆ, ಮಂಜು, ಅರೆನೆರಳು ಇದಕ್ಕೆ ಹೊಸದಲ್ಲ. ಮಳೆಗಾಲದಲ್ಲಿ ಹುರುಪಿನಿಂದ ಚಿಗುರಿ, ಕೊಡಗಿನ ಸುಗ್ಗಿಹಬ್ಬವಾದ ಪುತ್ತರಿ ಕಳೆದ ಮೇಲಿನ ಚಳಿಯಲ್ಲಿ ಹೂಗೊಂಚಲುಗಳನ್ನು ಕೆಳಗೆ ಇಳಿಬಿಡುತ್ತದೆ. ಕೆಂಗಂದು ಬಣ್ಣದ ಎರಡು ಹೊದಿಕೆಗಳ ನಡುವಿನಿಂದ ಹಳದಿ ಕೊಳವೆಯೊಂದು ಹೊರಬಂದು, ಅದರ ಬಾಯಂಚು ಹಿಂದಕ್ಕೆ ಮಡಚಿಕೊಂಡು ಕಂದುಗೆಂಪಾಗಿ ಕಾಣುತ್ತದೆ; ಮಕರಂದ ಹೀರಲು ಸೂರಕ್ಕಿ ಕೊಕ್ಕು ತೂರಿಸಿದಾಗ ಮೇಲ್ಭಾಗದ ಪರಾಗ ಅದರ ತಲೆಗೆ ಅಂಟುತ್ತದೆ. ಗೊಂಚಲು ಒಂದೂವರೆ ಅಡಿಗಿಂತಲೂ ಉದ್ದಕ್ಕೆ ಜೋಲುವುದರಿಂದ ಗೋಡೆಗೋ ತಂತಿಬಲೆಗೋ ಹಬ್ಬಿಸಿದರೆ ಅದರ ಅರ್ಧ ಚೆಲುವು ಎಲೆಗಳ ನಡುವೆಯೇ ಅಡಗಿಹೋಗುತ್ತದೆ. ಎಂಟು ಅಡಿಗಿಂತ ಎತ್ತರದ ಚಪ್ಪರವೇ ಬೇಕು. ಬಿದಿರು ನಮ್ಮ ಮಳೆಗೆ ಬೇಗ ಕುಂಬಾಗುವುದರಿಂದ ಜಿಐ ಪೈಪು ಮೇಲು. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ತಡವಾದರೆ ಬುಡಕ್ಕೆ ತಪ್ಪದೆ ನೀರು ಕೊಡಬೇಕು ಮತ್ತು ದರಗು ಮುಚ್ಚಬೇಕು. ಮಕರಂದ ತೊಟ್ಟಿಕ್ಕಿ ನೆಲ ಅಂಟಂಟಾಗುವುದೂ ಇರುವೆ ಸೇರುವುದೂ ಇರುವುದರಿಂದ ಊಟದ ಮೇಜಿನ ಮೇಲೆ ಇದರ ಚಪ್ಪರ ಬೇಡ.

ದಕ್ಷಿಣ ಅಮೆರಿಕ ಮೂಲದ ಬೆಳ್ಳುಳ್ಳಿ ಬಳ್ಳಿ ನಮ್ಮ ಚಳಿಗೆ ತುಸು ನಿಧಾನವಾಗಿ ಬೆಳೆಯುತ್ತದೆ, ನೀರು ನಿಂತ ಜಾಗದಲ್ಲಂತೂ ಸೊರಗುತ್ತದೆ. ಆದರೂ ಇಳಿಜಾರಿನಲ್ಲಿ ನೆಟ್ಟರೆ ಮಳೆ ಬಿಟ್ಟ ಮೇಲೆ ನೇರಳೆ ಹೂಗಳು ಅರಳಿ, ದಿನ ಕಳೆದಂತೆ ತಿಳಿಯಾಗುತ್ತಾ ಬಿಳಿಚುವುದರಿಂದ, ಒಂದೇ ಬಳ್ಳಿಯಲ್ಲಿ ಎರಡು ಮೂರು ಛಾಯೆಗಳು ಕಾಣುತ್ತವೆ. ಎಲೆ ಹೊಸಕಿದರೆ ಮಾತ್ರ ಅಡುಗೆಮನೆಯ ವಾಸನೆ. ಆರಡಿ ಬೇಲಿಗೂ ಒಗ್ಗಿಕೊಳ್ಳುವುದರಿಂದ ಜಾಗ ಕಡಿಮೆ ಇರುವವರಿಗೆ ನಾನು ಸೂಚಿಸುವುದು ಇದನ್ನೇ.

ಬ್ರೆಜಿಲ್ ಕಡೆಯ ಪೈರೊಸ್ಟೀಜಿಯಾ ಜನವರಿ, ಫೆಬ್ರವರಿಯಲ್ಲಿ ಎಲೆ ಕಾಣದಷ್ಟು ಹೂ ಬಿಡುತ್ತದೆ, ಆದರೆ ಪೂರ್ಣ ಬಿಸಿಲು ಸಿಗುವ ಕಡೆ ಮಾತ್ರ. ಬಲಿತ ರೆಂಬೆಗಳ ತುದಿಯಲ್ಲಿ ಹೂ ಬರುವುದರಿಂದ ಹೂ ಮುಗಿದ ಕೂಡಲೇ ಸವರಬೇಕು. ಮಳೆಗಾಲ ಮುಗಿಯುವಾಗ ಸವರಿದರೆ ಆ ವರ್ಷದ ಹೂವಿನ ಆಸೆ ಬಿಡಬೇಕಾಗುತ್ತದೆ. ಮೂರು ಕವಲಾಗುವ ಇದರ ಕುಡಿಗಳು ಹೆಂಚಿನ ಸಂದಿಗೆ ನುಗ್ಗಿ ಬಳ್ಳಿಯನ್ನು ಒಳಕ್ಕೆಳೆಯುವುದರಿಂದ, ಹೆಂಚಿನ ಮನೆಯವರು ಇದನ್ನು ಸೂರಿನಿಂದ ದೂರವಿಟ್ಟು, ತೋಟದಂಚಿನ ತಂತಿಬೇಲಿಗೆ ಹಬ್ಬಿಸುವುದೇ ಸರಿ. ನೆರಳಿನ ಮರಗಳಿಗಂತೂ ಹತ್ತಲು ಬಿಡಬಾರದು.