ಕೆರೆ ಪಕ್ಕದ ಸೈಟಾ, ಹಳೇ ಬಡಾವಣೆಯ ಫ್ಲ್ಯಾಟಾ?

ಬೆಂಗಳೂರಿನ ಹೊರವಲಯದ ಹೊಸ ಲೇಔಟ್‌ನಲ್ಲಿ ಗಾಳಿ, ಬೆಳಕು, ಸ್ವಂತ ನೆಲ ಎಲ್ಲವೂ ಸಿಗುತ್ತದೆ. ಆದರೆ ಆ ನೆಲ ಮೊದಲು ಏನಾಗಿತ್ತು? ಗದ್ದೆಯೋ, ಕೆರೆ ಅಂಗಳವೋ, ರಾಜಕಾಲುವೆಯೋ? ಒಂದು ಕೆರೆ ತುಂಬಿದರೆ ನೀರು ಕಾಲುವೆ ಹಿಡಿದು ಮುಂದಿನ ಕೆರೆಗೆ ಹೋಗಬೇಕು. ಕಾಲುವೆ ಮುಚ್ಚಿದರೆ ಮನೆಗೇ ನುಗ್ಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಕಡೆ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಕರೆತರಬೇಕಾಯಿತು. ಸೈಟೇ ಬೇಕೆಂದರೆ ಸರ್ಕಾರದ ಭೂನಕ್ಷೆ ತೋರಿಸುವ ‘ದಿಶಾಂಕ್’ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ. ಸುಮ್ನೆ ಬ್ರೋಕರ್ ಮಾತು ನಂಬಬೇಡಿ.

ಹಳೇ ಬಡಾವಣೆಯ ಫ್ಲ್ಯಾಟ್ ಇಕ್ಕಟ್ಟು, ಚದರಡಿಗೆ ಬೆಲೆಯೂ ಜಾಸ್ತಿ. ಆದರೆ ಚರಂಡಿ, ಬಸ್ಸು ಆಗಲೇ ಇವೆ. ಹೊಸದಾಗಿ ಯಾವ ಗದ್ದೆಯೂ ಹೋಗುವುದಿಲ್ಲ. ನನ್ನ ಮತ ಇದಕ್ಕೇ. ಕಟ್ಟುವಾಗ ಮರ ಉಳಿಸಿದ್ದಾರಾ, ಇಂಗುಗುಂಡಿ ಇದೆಯಾ ಅಂತ ಮಾತ್ರ ಕೇಳಿ.