ಬರೀ ಸೈರನ್ ಸಾಕೋ, ನಿಗಾ ಕೇಂದ್ರದ ಸಂಪರ್ಕವೂ ಬೇಕೋ?

ಕಳ್ಳರ ಅಲಾರಂ ಹಾಕಿಸುವಾಗ ಎಲ್ಲರೂ ಮೊದಲು ಬೆಲೆ ಕೇಳುತ್ತಾರೆ. ದಯವಿಟ್ಟು ಮೊದಲು ನಿಮ್ಮ ಊರಿನ ನಿಯಮ ಕೇಳಿ. ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ.

ಬರೀ ಸೈರನ್‌ನದು ಸರಳ ಲೆಕ್ಕ. ತಿಂಗಳ ಶುಲ್ಕ ಇಲ್ಲ. ಆದರೆ ನೀವಿಲ್ಲದಾಗ ಕೂಗಿದರೆ ನಿಲ್ಲಿಸುವವರು ಯಾರು? ಹೊರಗಿನ ಸೈರನ್ ಎಷ್ಟು ನಿಮಿಷ ಕೂಗಬಹುದು ಎಂಬ ಮಿತಿ ಹಲವು ಕಡೆ ಇದೆ. ತಾನಾಗಿ ನಿಲ್ಲುವ ಟೈಮರ್ ಇಲ್ಲದ್ದನ್ನು ಕೊಳ್ಳಲೇಬೇಡಿ.

ನಿಗಾ ಕೇಂದ್ರ ಅಂದರೆ ನಿಮ್ಮ ಅಲಾರಂ ಮೇಲೆ ದೂರದಿಂದಲೇ ಕಣ್ಣಿಡುವ ಕಂಪನಿಯ ಕಚೇರಿ. ಅದರ ಸಂಪರ್ಕ ಇದ್ದರೆ ಅಲ್ಲಿಂದ ಪೊಲೀಸರಿಗೆ ಕರೆ ಹೋಗುತ್ತದೆ. ನಿಯಮದ ಬಿಗಿ ಇಲ್ಲೇ ಜಾಸ್ತಿ. ಎಷ್ಟೋ ನಗರಗಳಲ್ಲಿ ಪರವಾನಗಿ ಬೇಕು. ಸುಳ್ಳು ಅಲಾರಂ ಮತ್ತೆ ಮತ್ತೆ ಬಂದರೆ ದಂಡ ಬೀಳುತ್ತದೆ. ಕೆಲವು ಕಡೆ ಪೊಲೀಸರು ಬರುವುದನ್ನೇ ನಿಲ್ಲಿಸುತ್ತಾರೆ. ಕಾರಣ ನೋಡಿದರೆ ಸಣ್ಣದು: ತಪ್ಪು ಕೋಡ್, ಸರಿಯಾಗಿ ಮುಚ್ಚದ ಬಾಗಿಲು, ಓಡಾಡುವ ಬೆಕ್ಕು, ಸೋತ ಬ್ಯಾಟರಿ. ಹಾಗಾಗಿ ಪೊಲೀಸರಿಗೆ ಹೇಳುವ ಮೊದಲು ನಿಮ್ಮ ಎರಡು ನಂಬರ್‌ಗೆ ಕರೆ ಮಾಡುವ ಕೇಂದ್ರವನ್ನೇ ಆರಿಸಿ. ಮನೆಯವರೆಲ್ಲರಿಗೂ ಕೋಡ್ ಕಲಿಸಿ, ಮಕ್ಕಳಿಗೂ.

ಮನೆಯಲ್ಲಿ ಸದಾ ಯಾರಾದರೂ ಇದ್ದರೆ ಸೈರನ್ ಸಾಕು. ಆಗಾಗ ಬೀಗ ಹಾಕಿ ಹೋಗುವವರಿಗೆ ನಿಗಾ ಕೇಂದ್ರವೇ ಸರಿ ಎಂದು ನನ್ನ ಅನಿಸಿಕೆ.

ಹೊಗೆ ಅಲಾರಂ ಮಾತ್ರ ಬೇರೆಯೇ ವಿಷಯ. ಅದು ಎರಡೂ ಬಗೆಯ ಮನೆಗೆ ಬೇಕೇ ಬೇಕು, ಪ್ರತಿ ಮಹಡಿಗೂ, ಮಲಗುವ ಕೋಣೆಗೂ. ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಿ. 10 ವರ್ಷವಾದರೆ ಕೂಗುತ್ತಿದ್ದರೂ ಬದಲಿಸಿ.