ನಿಮ್ಮ ವೆಬ್‌ಸೈಟ್ ಯಾರ ಹೆಸರಲ್ಲಿದೆ? ಇವತ್ತೇ ನೋಡಿಕೊಳ್ಳಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹೋಂಸ್ಟೇ ನಡೆಸುವವರು, ಕುಮಟಾ, ಗೋಕರ್ಣದಲ್ಲಿ ರೂಮು ಬಾಡಿಗೆಗೆ ಕೊಡುವವರು ಸ್ವಲ್ಪ ಇದನ್ನು ಓದಿ. ವರ್ಡ್‌ಪ್ರೆಸ್ ಅನ್ನೋ ಸಾಫ್ಟ್‌ವೇರಿನಲ್ಲಿ ವೆಬ್‌ಸೈಟ್ ಮಾಡಿಕೊಡ್ತೇವೆ ಅಂತ ಬರುವವರು ಈಗ ಜಾಸ್ತಿ. ಅವರಲ್ಲಿ ಒಳ್ಳೆಯವರೂ ಇದ್ದಾರೆ. ನಮಗೆ ಸಿಕ್ಕವನು ಆ ಪೈಕಿ ಅಲ್ಲ. ಹೆಸರು ಬೇಡ ಬಿಡಿ, ಇದೇ ಆಟ ಆಡುವವರು ಬೇರೆಯವರೂ ಇದ್ದಾರೆ.

ಯಾಣದ ದಾರಿಯಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಜೊತೆಗೆ ಆಯಿ ಮಾಡುವ ಅಪ್ಪೆಮಿಡಿ ಉಪ್ಪಿನಕಾಯಿ, ತೊಡೆದೇವು ಮಾರುತ್ತೇವೆ. ಸೈಟ್ ನೋಡೋಕೆ ಚೆನ್ನಾಗಿಯೇ ಇತ್ತು. ಮಳೆಗಾಲ ಮುಗಿದು ಸೀಸನ್ ಶುರುವಾಗುವ ಹೊತ್ತಿಗೆ ಹುಬ್ಬಳ್ಳಿಯಿಂದ ಒಬ್ಬರು ಫೋನ್ ಮಾಡಿದರು. "ನಿಮ್ ವೆಬ್‌ಸೈಟ್ ಒತ್ತಿದ್ರ ಇಸ್ಪೀಟ್ ಆಟ ಬರ್ತೈತಲ್ರೀ, ಏನ್ರಿ ಇದು?"

ನಮ್ಮ ಲ್ಯಾಪ್‌ಟಾಪಿನಲ್ಲಿ ತೆರೆದರೆ ಅದೇ ಅಡಿಕೆ ತೋಟ, ಅದೇ ಅಂಗಳ. ಸೈಟ್ ಮಾಡಿಕೊಟ್ಟವನನ್ನು ಕೇಳಿದರೆ "ಅವರ ಮೊಬೈಲಲ್ಲೇ ವೈರಸ್ ಇರಬೇಕು ಸಾರ್" ಅಂದ. ಆಮೇಲೆ ಬೆಳಗಾವಿಯವರೊಬ್ಬರೂ ಅದನ್ನೇ ಹೇಳಿದರು. ಎಲ್ಲರ ಮೊಬೈಲಿಗೂ ಒಂದೇ ವೈರಸ್ ಬರುತ್ತಾ?

ಈ ಜಾತಿಯ ಕಳ್ಳ ಕೋಡ್ ಎಲ್ಲರಿಗೂ ಕಾಣಿಸಿಕೊಳ್ಳೋದಿಲ್ಲ. ಮೊಬೈಲಿನಲ್ಲಿ ಗೂಗಲ್ ಮಾಡಿ ಬಂದವರನ್ನು ಮಾತ್ರ ಜೂಜಿನ ಪೇಜಿಗೆ ಎಳೆದುಕೊಂಡು ಹೋಗುತ್ತದೆ. ವಿಳಾಸ ನೇರವಾಗಿ ಟೈಪ್ ಮಾಡಿದವರಿಗೆ, ಲಾಗಿನ್ ಆಗಿರುವವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮಾಲೀಕನಿಗೆ ಗೊತ್ತಾಗಬಾರದು ಅನ್ನೋದೇ ಉದ್ದೇಶ. ನಿಮ್ಮ ಸೈಟ್ ನೋಡುವುದಾದರೆ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ, ಇನ್‌ಕಾಗ್ನಿಟೊ ವಿಂಡೋ ತೆಗೆದು, ಗೂಗಲ್‌ನಲ್ಲಿ ಹುಡುಕಿಯೇ ಒಳಗೆ ಹೋಗಿ. ನಮ್ಮ ಮನೆ ಹತ್ತಿರ ಸಿಗ್ನಲ್ ಇಲ್ಲ, ಅದಕ್ಕೆ ಗುಡ್ಡ ಹತ್ತಿ ನೋಡಬೇಕಾಯಿತು. ಬಂತು ರಮ್ಮಿ!

ಕುಮಟಾದ ಭಾವ ಸಾಫ್ಟ್‌ವೇರ್ ಕೆಲಸದವರು. ಅವರು ಕೂತು ನೋಡಿದಾಗ ಒಂದೊಂದೇ ಹೊರಗೆ ಬಂತು. ನಮಗೆ ಕೊಟ್ಟಿದ್ದ ಲಾಗಿನ್ ಅಡ್ಮಿನ್ ಅಲ್ಲ, ಬರೀ ಎಡಿಟರ್. ಬರಹ, ಫೋಟೋ ಹಾಕಬಹುದು, ಅದಕ್ಕಿಂತ ಮುಂದೆ ಹೋಗುವ ಹಾಗಿಲ್ಲ. ಡ್ಯಾಶ್‌ಬೋರ್ಡಿನ ಎಡಗಡೆ ಪ್ಲಗಿನ್ಸ್, ಸೆಟ್ಟಿಂಗ್ಸ್ ಅನ್ನೋ ಮೆನುಗಳು ಕಾಣದಿದ್ದರೆ ನೀವೂ ಅಡ್ಮಿನ್ ಅಲ್ಲ ಅಂತ ತಿಳಿಯಿರಿ. ಹೋಸ್ಟಿಂಗ್, ಅಂದರೆ ಸೈಟಿನ ಫೈಲುಗಳನ್ನು ಇಡುವ ಬಾಡಿಗೆ ಜಾಗ, ಸೈಟ್ ಮಾಡಿಕೊಟ್ಟವನದೇ ಅಕೌಂಟಿನಲ್ಲಿತ್ತು. ಎಷ್ಟೋ ಸಲ ಕಾಡಿದ ಮೇಲೆ ಒಂದು ಸಂಜೆ ಫೈಲ್ ಮ್ಯಾನೇಜರ್ ನೋಡಲು ಬಿಟ್ಟ.

ವರ್ಡ್‌ಪ್ರೆಸ್‌ನಲ್ಲಿ ಅಪ್‌ಲೋಡ್ಸ್ ಅಂತ ಒಂದು ಫೋಲ್ಡರ್ ಇರುತ್ತದೆ. ನಾವು ಹಾಕಿದ ಫೋಟೋಗಳು ವರ್ಷ, ತಿಂಗಳ ಪ್ರಕಾರ ಅಲ್ಲಿ ಕೂತಿರುತ್ತವೆ. ನಮ್ಮ ತೊಡೆದೇವಿನ ಫೋಟೋಗಳ ನಡುವೆ ಪಿಎಚ್‌ಪಿ ಫೈಲೊಂದು ಇತ್ತು. ಫೋಟೋ ಇಡುವ ಜಾಗದಲ್ಲಿ ಪ್ರೋಗ್ರಾಮಿಗೆ ಏನು ಕೆಲಸ? ಸೈಟಿಗೆ ರೂಪ ಕೊಡುವ ಥೀಮಿನ ಫೈಲಿನಲ್ಲೂ ಅರ್ಥವಿಲ್ಲದ ಅಕ್ಷರಗಳ ಒಂದು ಉದ್ದದ ಸಾಲು. ದುಡ್ಡು ಕೊಟ್ಟು ಕೊಳ್ಳಬೇಕಾದ ಥೀಮನ್ನು ಅವನು ಎಲ್ಲಿಂದಲೋ ಪುಕ್ಕಟೆ ಇಳಿಸಿ ಹಾಕಿದ್ದ. ನಲ್ಡ್ ಥೀಮ್ ಅಂತಾರೆ ಇಂಥದ್ದಕ್ಕೆ. ಇದರಲ್ಲಿ ಹಿಂಬಾಗಿಲು ಇಟ್ಟು ಹಂಚುವುದೇ ಕೆಲವರ ದಂಧೆ. ಅಪ್‌ಡೇಟ್ ಕೂಡ ಸರಿಯಾಗಿ ಬರೋದಿಲ್ಲ, ಹಳೆಯ ತೂತುಗಳು ಹಾಗೇ ಉಳಿಯುತ್ತವೆ. ನಮ್ಮಿಂದ ಮಾತ್ರ ಆ ಥೀಮಿನ ಪೂರ್ತಿ ಬೆಲೆ ವಸೂಲಿ ಮಾಡಿದ್ದ.

ಬಿಲ್ಲಿನಲ್ಲಿ "ವರ್ಡ್‌ಪ್ರೆಸ್ ಲೈಸೆನ್ಸ್" ಅಂತ ಬೇರೆ ಒಂದು ಸಾಲು ಇತ್ತು. ವರ್ಡ್‌ಪ್ರೆಸ್ 2003ರಲ್ಲಿ ಶುರುವಾದಾಗಿನಿಂದ ಜಿಪಿಎಲ್ ಲೈಸೆನ್ಸಿನಡಿ ಪುಕ್ಕಟೆ ಸಿಗುವ ಸಾಫ್ಟ್‌ವೇರ್. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಡಾಟ್ ಕಾಮ್ ಅನ್ನೋದು ಬೇರೆ. ಅದು ಒಂದು ಕಂಪನಿಯ ಹೋಸ್ಟಿಂಗ್ ಸೇವೆ, ಅಲ್ಲಿ ಪ್ಲಾನ್ ನೋಡಿಕೊಂಡು ದುಡ್ಡು. ಡೊಮೇನ್ (ಸೈಟಿನ ವಿಳಾಸ), ಹೋಸ್ಟಿಂಗ್, ಮಾಡಿಕೊಟ್ಟವರ ಕೂಲಿ, ಇವಕ್ಕೆ ಖರ್ಚು ಇದ್ದದ್ದೇ. ವರ್ಡ್‌ಪ್ರೆಸ್ ಲೈಸೆನ್ಸಿಗೆ ಅಂತ ಯಾರಾದರೂ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಇದೆಲ್ಲ ಆದರೂ ಸಹಿಸಬಹುದಿತ್ತು. ಫೈಲ್ ಅಳಿಸಬಹುದು, ಥೀಮ್ ಬದಲಿಸಬಹುದು. ಆದರೆ ಡೊಮೇನ್ ಅವನ ಹೆಸರಿನಲ್ಲಿತ್ತು. ಮನೆ ನಾವು ಕಟ್ಟಿದ್ದು, ಪಹಣಿ ಅವನ ಹೆಸರಲ್ಲಿ ಅಂದ ಹಾಗಾಯಿತು. ಡೊಮೇನನ್ನು ಬೇರೆ ಕಂಪನಿಗೆ ಸಾಗಿಸಲು ಆಥ್ ಕೋಡ್ ಬೇಕು, ಅದು ಸಿಗುವುದು ಯಾರ ಅಕೌಂಟಿನಲ್ಲಿ ಡೊಮೇನ್ ಇದೆಯೋ ಅವರಿಗೆ. ಕೊಡು ಅಂದರೆ ಸೈಟ್ ಮಾಡಲು ತೆಗೆದುಕೊಂಡದ್ದಕ್ಕಿಂತ ಜಾಸ್ತಿ ಕೇಳಿದ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ.

ಹಾಗಾಗಿ ಮಾಡಿಸುವ ಮೊದಲೇ ಡೊಮೇನ್ ಮತ್ತು ಹೋಸ್ಟಿಂಗ್ ನೀವೇ ಕೊಂಡುಕೊಳ್ಳಿ, ನಿಮ್ಮ ಇಮೇಲ್, ನಿಮ್ಮ ಮೊಬೈಲ್ ನಂಬರ್ ಕೊಟ್ಟು. ಯುಪಿಐನಲ್ಲಿ ದುಡ್ಡು ಕಟ್ಟಲು ಬರುತ್ತೆ ಅಂದರೆ ಇದೂ ಬರುತ್ತೆ. ಮೊದಲ ವರ್ಷ ಅಗ್ಗ ತೋರಿಸುತ್ತಾರೆ, ಎರಡನೇ ವರ್ಷದ ರಿನ್ಯೂವಲ್ ದರವನ್ನೂ ಓದಿ. ಮಾಡಿಕೊಡುವವರಿಗೆ ಬೇರೆ ಅಡ್ಮಿನ್ ಲಾಗಿನ್ ಮಾಡಿಕೊಡಿ, ಕೆಲಸ ಮುಗಿದ ದಿನ ತೆಗೆದುಹಾಕಿ. ಹೋಸ್ಟಿಂಗ್ ಪಾಸ್‌ವರ್ಡನ್ನೂ ಆವತ್ತೇ ಬದಲಿಸಿ. ಥೀಮ್ ವರ್ಡ್‌ಪ್ರೆಸ್‌ನ ಸ್ವಂತ ಡೈರೆಕ್ಟರಿಯಿಂದಲೇ ಹಾಕಿಸಿ. ಅಲ್ಲಿಗೆ ಸೇರಿಸುವ ಮೊದಲು ಪರಿಶೀಲನೆ ಆಗಿರುತ್ತದೆ, ಹೋಂಸ್ಟೇಗೆ ಅದು ಧಾರಾಳ ಸಾಕು. ಬ್ಯಾಕಪ್ ತೆಗೆದು ಮನೆಯ ಕಂಪ್ಯೂಟರಿನಲ್ಲಿ ಇಡಿ. ಟೂಲ್ಸ್ ಮೆನುವಿನ ಎಕ್ಸ್‌ಪೋರ್ಟ್ ಒತ್ತಿದರೆ ಬರಹ ಬರುತ್ತದೆ, ಫೋಟೋ ಫೈಲುಗಳು ಬರೋದಿಲ್ಲ. ಅವನ್ನು ಬೇರೆಯಾಗಿ ಇಳಿಸಬೇಕು. ಬುಕಿಂಗ್ ಫಾರ್ಮ್ ಇದ್ದರೆ ಒಂದು ಸಲ ನೀವೇ ತುಂಬಿ ಕಳಿಸಿ, ಮೇಲ್ ಯಾರಿಗೆ ಬರುತ್ತೆ ನೋಡಿ. ನಮ್ಮದು ಅವನಿಗೇ ಹೋಗುತ್ತಿತ್ತು!

ಈಗ ಹೊಸ ಡೊಮೇನ್ ಕೊಂಡಿದ್ದೇವೆ. ಸೈಟ್ ಮತ್ತೆ ವರ್ಡ್‌ಪ್ರೆಸ್‌ನಲ್ಲೇ ಇದೆ, ಸಾಫ್ಟ್‌ವೇರಿನ ಮೇಲೆ ನಮಗೆ ಸಿಟ್ಟಿಲ್ಲ. ಆಯಿ ಹೇಳಿ ಬರೆಸಿದ್ದ ಅಪ್ಪೆಮಿಡಿಯ ಪುಟ, ಹಳೆಯ ವೆಬ್ ಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮಶೀನ್ ಅನ್ನೋ ಸೈಟಿನಲ್ಲಿ ಉಳಿದಿತ್ತು, ಅಲ್ಲಿಂದ ತೆಗೆದುಕೊಂಡೆವು. ಹಳೆಯ ವಿಳಾಸ ಇನ್ನೂ ಅವನ ಕೈಯಲ್ಲೇ ಇದೆ. ನಮ್ಮ ಹಳೇ ವಿಸಿಟಿಂಗ್ ಕಾರ್ಡ್ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಅದರಲ್ಲಿರುವ ವೆಬ್‌ಸೈಟ್ ತೆರೆಯಬೇಡಿ. ಫೋನ್ ನಂಬರ್ ಮಾತ್ರ ಸರಿ ಇದೆ, ಅದಕ್ಕೇ ಮಾಡಿ.